ಮಣ್ಣಿಗೆ ಹೋಗಿ ಬಂದ ಮೇಲೆ: ದೇವರನ್ನು ನಂಬದವರು ಸಾವನ್ನು ಎದುರಿಸುವುದು ಹೇಗೆ?

ನಮ್ಮ ಕೊಪ್ಪಳದ ಕಡೆ ಶವಸಂಸ್ಕಾರಕ್ಕೆ ಹೋಗುವುದನ್ನು ‘ಮಣ್ಣಿಗೆ ಹೋಗೋದು’ ಎನ್ನುತ್ತಾರೆ. ಹೋದವರು ಒಂದು ಹಿಡಿ ಮಣ್ಣು ಹಾಕಿ ಬರುತ್ತಾರೆ. ಬಂದು ಸ್ನಾನ ಮಾಡುತ್ತಾರೆ. ಆಮೇಲೆ ಯಾರಾದರೂ ಚಹಾ ಕಾಸುತ್ತಾರೆ. ಸತ್ತವರ ಬಗ್ಗೆ ಒಂದೆರಡು ಒಳ್ಳೆ ಮಾತು, “ಎಲ್ಲಾರೂ ಒಂದಿನ ಹೋಗೋರೇ ಬಿಡ್ರಿ” ಎಂಬ ಒಂದು ನಿಟ್ಟುಸಿರು. ಅಷ್ಟರಲ್ಲಿ ಮಾತು ಕಾಲುವೆ ನೀರು, ಭತ್ತದ ರೇಟಿನ ಕಡೆ ಹೊರಳಿರುತ್ತದೆ.

ಎರಡು ವರ್ಷದ ಹಿಂದೆ ಅಂಥದೇ ಒಂದು ಹೊತ್ತಿನಲ್ಲಿ ನಮ್ಮ ಕಾಕಾ ಚಹಾದ ಲೋಟ ಕೆಳಗಿಟ್ಟು ಹೇಳಿದರು: “ನನಗ ಇದ್ಯಾವುದೂ ಬ್ಯಾಡ ನೋಡ್ರಿ. ಸ್ವಾಮಿಗಳನ್ನ ಕರೀಬ್ಯಾಡ್ರಿ. ವಿಭೂತಿ ಹಚ್ಚಬ್ಯಾಡ್ರಿ. ಈಗ ಹೇಳಿಬಿಟ್ಟೀನಿ.”

ಯಾರೂ ಮಾತಾಡಲಿಲ್ಲ. ಚಿಗವ್ವ ಎದ್ದು ಒಳಗೆ ಹೋದರು. ಒಳಗಿಂದ ಪಾತ್ರೆ ಸದ್ದು ಜಾಸ್ತಿ ಆಯಿತು. ಅದು ಅವರ ಉತ್ತರ.

ಕಾಕಾ ಗಂಗಾವತಿ ತಾಲ್ಲೂಕಿನ ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರಾಗಿದ್ದವರು. ದೇವರನ್ನು ನಂಬದೆ ನಲವತ್ತು ವರ್ಷ ಆಗಿದೆ. ಆದರೆ ಯಾರ ಜೊತೆಗೂ ವಾದಕ್ಕೆ ಇಳಿದವರಲ್ಲ. ಚಿಗವ್ವ ಹುಣ್ಣಿಮೆಗೆ ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೊರಟರೆ ಚೀಲ ಹಿಡಿದು ಜೊತೆಗೆ ಹೋಗುತ್ತಾರೆ. ಹೊರಗೆ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಕೂರುತ್ತಾರೆ. ಅಂಥವರು ಹಾಗೆ ಹೇಳಿದ ದಿನದಿಂದ ನನಗೆ ಒಂದು ಪ್ರಶ್ನೆ ಅಂಟಿಕೊಂಡಿತು. ನಂಬಿಕೆ ಇರುವವರಿಗೆ ಕೊನೆಗೆ ಹಿಡಿದುಕೊಳ್ಳಲು ಏನೋ ಇದೆ. ಲಿಂಗೈಕ್ಯ, ಸ್ವರ್ಗ, ಮರುಜನ್ಮ, ಹೀಗೆ ಒಂದಲ್ಲ ಒಂದು. ಇಲ್ಲದವರ ಕೈಯಲ್ಲಿ ಏನಿರುತ್ತದೆ?

‘ಸ್ವಾತಂತ್ರ್ಯ’ ಎಂದು ತುಂಬಾ ತತ್ವಜ್ಞಾನಿಗಳು ಉತ್ತರ ಕೊಟ್ಟಿದ್ದಾರೆ. ಕೇಳಲು ಚಂದ ಇದೆ. ಆದರೆ ಐಸಿಯು ಬಾಗಿಲಲ್ಲಿ ನಿಂತಾಗ ಆ ಪದದಿಂದ ಏನು ಉಪಯೋಗ ಅಂತಲೂ ಅನ್ನಿಸುತ್ತದೆ, ಅಲ್ವಾ? ಅದಕ್ಕೇ ಆ ಪದವನ್ನು ಬಿಡಿಸಿ ನೋಡಬೇಕು.

ಭಯ ಒಂದಲ್ಲ

ಸಾವಿನ ಭಯ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದು ನಾಲ್ಕೈದು ಭಯಗಳ ಗಂಟು. ಸತ್ತ ಮೇಲೆ ಏನಾಗುತ್ತೇವೋ ಎಂಬುದು ಒಂದು. ಸಾಯುವಾಗ ನೋವಾಗುತ್ತಲ್ಲ ಎಂಬುದು ಬೇರೆ. ಬದುಕಬೇಕಾದ ಹಾಗೆ ಬದುಕಲಿಲ್ಲ ಎಂಬುದು ಇನ್ನೊಂದು. ಮಕ್ಕಳ ಗತಿ ಏನು, ನನ್ನನ್ನು ಮರೆತುಬಿಡುತ್ತಾರಾ ಎಂಬುದು ಮತ್ತೊಂದು. ಧರ್ಮ ಇಡೀ ಗಂಟನ್ನು ಒಂದೇ ಸಲಕ್ಕೆ ಎತ್ತಿ ದೇವರ ತಲೆ ಮೇಲಿಡುತ್ತದೆ. ಅದೇನು ಸಣ್ಣ ಉಪಕಾರವಲ್ಲ. ಧರ್ಮ ಬೇಡ ಎನ್ನುವವರು ಒಂದೊಂದೇ ಗಂಟನ್ನು ತಾವೇ ಬಿಚ್ಚಿಕೊಳ್ಳಬೇಕು.

ಮೊದಲ ಗಂಟಿಗೆ ಕೈ ಹಾಕಿದವರಲ್ಲಿ ಹೆಸರಾದವನು ಗ್ರೀಸಿನ ಎಪಿಕ್ಯೂರಸ್. ಕ್ರಿ.ಪೂ. 341ರಿಂದ 270ರವರೆಗೆ ಬದುಕಿದ್ದ. ಅವನ ವಾದ ನಾಲ್ಕು ಮಾತಿನದು. ಒಳ್ಳೆಯದು, ಕೆಟ್ಟದ್ದು ಎರಡೂ ನಮಗೆ ತಿಳಿಯುವುದು ಅನುಭವದಿಂದ. ಸಾವೆಂದರೆ ಅನುಭವ ನಿಂತುಹೋಗುವುದು. ನಾವು ಇರುವ ತನಕ ಸಾವು ಇಲ್ಲ. ಸಾವು ಬಂದಾಗ ನಾವು ಇಲ್ಲ. ಇಬ್ಬರೂ ಎದುರುಬದುರು ಆಗುವುದೇ ಇಲ್ಲ ಎಂದ ಮೇಲೆ ಹೆದರುವುದು ಯಾರಿಗೆ?

ಎಪಿಕ್ಯೂರಸ್ ದೇವರೇ ಇಲ್ಲ ಎಂದವನಲ್ಲ. ದೇವರುಗಳಿಗೆ ನಮ್ಮ ಉಸಾಬರಿ ಇಲ್ಲ ಎಂದ. ಮೂತ್ರಕೋಶದ ಕಲ್ಲಿನ ಬಾಧೆಯಿಂದ ಸತ್ತ. ಕೊನೆಯ ದಿನ ಗೆಳೆಯನಿಗೆ ಬರೆದ ಪತ್ರದಲ್ಲಿ, ನೋವು ವಿಪರೀತ ಇದೆ, ಆದರೆ ನಾವು ಆಡಿದ ಮಾತುಗಳ ನೆನಪಿನ ಖುಷಿಯನ್ನು ಅದರ ಎದುರು ನಿಲ್ಲಿಸಿದ್ದೇನೆ ಎಂದು ಬರೆದಿದ್ದ. ನನಗೆ ಅವನ ವಾದಕ್ಕಿಂತ ಈ ಪತ್ರವೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಎರಡು ಸಾವಿರ ವರ್ಷದ ಮೇಲೆ ಸ್ಕಾಟ್ಲೆಂಡಿನಲ್ಲಿ ಇದೇ ವಾದಕ್ಕೆ ಒಂದು ಪ್ರಯೋಗ ನಡೆಯಿತು ಎನ್ನಬಹುದು. 1776ರ ಜುಲೈನಲ್ಲಿ ಡೇವಿಡ್ ಹ್ಯೂಮ್ ಎಂಬ ತತ್ವಜ್ಞಾನಿ ಸಾಯಲು ಬಿದ್ದಿದ್ದ. ಧರ್ಮವನ್ನು ಸಂಶಯದಿಂದ ನೋಡಿದವನು. ಸಾವು ಹತ್ತಿರ ಬಂದಾಗಲಾದರೂ ಮೆತ್ತಗಾಗಿರಬಹುದು ಎಂದು ಜೇಮ್ಸ್ ಬಾಸ್ವೆಲ್ ಎಂಬ ಬರಹಗಾರ ನೋಡಲು ಹೋದ. ಹ್ಯೂಮ್ ತಣ್ಣಗೆ ನಗುನಗುತ್ತಾ ಇದ್ದ. ಇಲ್ಲವಾಗುತ್ತೇನೆ ಎಂಬ ಯೋಚನೆ ಬಾಧಿಸುವುದಿಲ್ಲವೇ ಎಂದರೆ, ಹುಟ್ಟುವ ಮೊದಲು ಇರಲಿಲ್ಲ ಎಂಬ ಯೋಚನೆ ಎಷ್ಟು ಬಾಧಿಸುತ್ತದೋ ಅಷ್ಟೇ ಎಂದ. ಅಳ್ಳಾಡಿಹೋದದ್ದು ನೋಡಲು ಬಂದವನು. ಆಗಸ್ಟ್ 25ಕ್ಕೆ ಹ್ಯೂಮ್ ತೀರಿಕೊಂಡ.

ಇಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ನಮ್ಮ ಆನೆಗೊಂದಿಯಿಂದ ಹೊಳೆ ದಾಟಿದರೆ ಹಂಪಿ. ಆ ವಿಜಯನಗರದ ಆರಂಭದ ಕಾಲದ, ಮಾಧವಾಚಾರ್ಯರ ಹೆಸರಿನಲ್ಲಿರುವ 14ನೇ ಶತಮಾನದ ‘ಸರ್ವದರ್ಶನ ಸಂಗ್ರಹ’ ಎಂಬ ಗ್ರಂಥ ಶುರುವಾಗುವುದೇ ದೇವರು, ಪರಲೋಕ ಒಪ್ಪದ ಚಾರ್ವಾಕರಿಂದ. ಖಂಡಿಸಬೇಕು ಎಂದೇ ಅವರ ವಾದವನ್ನು ಅದರಲ್ಲಿ ಇಟ್ಟಿದ್ದಾರೆ. ಸಾಲ ಮಾಡಿಯಾದರೂ ತುಪ್ಪ ತಿನ್ನು ಎಂಬ ಮಾತು ಎಲ್ಲರಿಗೂ ಗೊತ್ತು. ಅದರ ಬೆನ್ನಿಗೇ ಬರುವ ಮಾತನ್ನು ಮರೆತಿದ್ದೇವೆ: ಸುಟ್ಟು ಬೂದಿಯಾದ ದೇಹ ಮತ್ತೆ ಬರುವುದೆಲ್ಲಿಂದ? ಕಾಕಾಗೆ ಇಷ್ಟವಾದ ಭಾಗ ಇನ್ನೊಂದು. ಇಲ್ಲಿ ಶ್ರಾದ್ಧ ಮಾಡಿದರೆ ಸತ್ತವರ ಹೊಟ್ಟೆ ತುಂಬುತ್ತದೆ ಅನ್ನುವುದಾದರೆ, ಊರಿಗೆ ಹೊರಟವರು ಬುತ್ತಿ ಯಾಕೆ ಕಟ್ಟಿಕೊಳ್ಳಬೇಕು? ಮನೆಯಲ್ಲಿ ಇದ್ದವರು ಉಂಡರೆ ಸಾಕಲ್ಲ. ಇದನ್ನು ಹೇಳಿ ಕಾಕಾ ಪ್ರತಿ ಸಲ ಒಬ್ಬರೇ ನಗುತ್ತಾರೆ.

ಆದರೆ ಈ ವಾದಕ್ಕೆ ಒಂದು ತೂತು ಇದೆ. ಅಮೆರಿಕದ ತತ್ವಜ್ಞಾನಿ ಥಾಮಸ್ ನೇಗೆಲ್ 1970ರಲ್ಲಿ ಅದನ್ನು ಸ್ಪಷ್ಟವಾಗಿ ತೋರಿಸಿದರು. ಸತ್ತವರಿಗೆ ನೋವಿಲ್ಲ, ಸರಿ. ಆದರೆ ಸಾವು ಕೆಟ್ಟದ್ದು ಅನ್ನಿಸುವುದು ಅದು ನೋವು ಕೊಡುತ್ತದೆ ಎಂದಲ್ಲ. ಮುಂದೆ ಸಿಗಬಹುದಾಗಿದ್ದ ಬದುಕನ್ನು ಕಸಿದುಕೊಳ್ಳುತ್ತದೆ ಎಂದು. ಮಗಳ ಮದುವೆ ನೋಡಬೇಕಿತ್ತು, ಮೊಮ್ಮಗನ ಕೈ ಹಿಡಿದು ಜಾತ್ರೆಗೆ ಹೋಗಬೇಕಿತ್ತು. ಗವಿಮಠದ ತೇರು ಎಳೆಯುವುದನ್ನು ಇನ್ನೊಂದು ಸಲ ನೋಡಬೇಕಿತ್ತು ಎನ್ನುವವರಿಗೆ ‘ನೀನೇ ಇರಲ್ಲ ಬಿಡು’ ಎಂದರೆ ಸಮಾಧಾನ ಆಗುತ್ತದಾ? ನನಗಂತೂ ಆಗಲ್ಲ. ಎಪಿಕ್ಯೂರಸ್ ಬಿಚ್ಚಿದ್ದು ಒಂದು ಗಂಟು ಮಾತ್ರ. ಸ್ವಾತಂತ್ರ್ಯದ ಮಾತು ಇದರ ನಂತರ ಬರುತ್ತದೆ.

‘ಎಲ್ಲಾರೂ ಹೋಗೋರೇ’

ಜರ್ಮನಿಯ ತತ್ವಜ್ಞಾನಿ ಹೈಡೆಗರ್ 1927ರಲ್ಲಿ ಒಂದು ವಿಷಯ ಗಮನಿಸಿದ. ಜನ ಸಾವಿನ ಬಗ್ಗೆ ಮಾತಾಡುವಾಗ ‘ಎಲ್ಲರೂ ಸಾಯುತ್ತಾರೆ’ ಎನ್ನುತ್ತಾರೆ. ಆ ‘ಎಲ್ಲರೂ’ ಒಳಗೆ ‘ನಾನು’ ಅಡಗಿ ಕೂತಿರುತ್ತದೆ. ಅವನು ಜರ್ಮನ್ ಭಾಷೆಯಲ್ಲಿ ನೂರಾರು ಪುಟ ಬರೆದದ್ದು ನಮ್ಮ ಚಹಾ ಹೊತ್ತಿನ ಆ ನಿಟ್ಟುಸಿರಿನಲ್ಲೇ ಇದೆ. “ಎಲ್ಲಾರೂ ಒಂದಿನ ಹೋಗೋರೇ” ಎನ್ನುವವರು ಯಾರೂ ತಾವು ಹೋಗುವ ದಿನವನ್ನು ಕಣ್ಣೆದುರು ತಂದುಕೊಂಡಿರುವುದಿಲ್ಲ. ‘ಒಂದಿನ’ ಎಂಬ ಪದ ಸಾವನ್ನು ದೂರದ ಊರಿಗೆ ಸಾಗಹಾಕುತ್ತದೆ.

ನನ್ನ ಬದಲು ಬೇರೆಯವರು ಬ್ಯಾಂಕಿಗೆ ಹೋಗಬಹುದು, ಹೊಲ ಉಳಬಹುದು. ನನ್ನ ಸಾವನ್ನು ಬೇರೆಯವರು ಸಾಯಲಾರರು. ಇದು ಒಳಗೆ ಇಳಿದರೆ ಬದುಕಿನ ಮೇಲೂ ಬೆಳಕು ಬೀಳುತ್ತದೆ ಎಂಬುದು ಅವನ ಮಾತು. ಊರು ಏನನ್ನುತ್ತದೋ, ನೆರೆಮನೆಯವರು ಏನು ಮಾಡುತ್ತಾರೋ ಹಾಗೆ ದಿನ ದೂಡುವುದನ್ನು ಬಿಟ್ಟು, ಇರುವ ದಿನ ಎಣಿಕೆಯವು, ಅವು ನನ್ನವು ಎಂದು ಆಯ್ದುಕೊಳ್ಳಲು ಶುರುಮಾಡುತ್ತೇವೆ. ಇಲ್ಲಿ ಸ್ವಾತಂತ್ರ್ಯ ಎಂದರೆ ಅದು. ಒಂದು ಮಾತು ಹೇಳಲೇಬೇಕು: ಇದೇ ಹೈಡೆಗರ್ 1933ರಲ್ಲಿ ನಾಜಿ ಪಕ್ಷ ಸೇರಿದ. ಊರ ಹಿಂದೆ ಹೋಗಬೇಡ ಎಂದು ಬರೆದವನು ತಾನೇ ಗುಂಪಿನ ಹಿಂದೆ ಹೋದ.

ಫ್ರಾನ್ಸಿನ ಸಾರ್ತ್ರ 1943ರಲ್ಲಿ ಅವನ ಜೊತೆ ಜಗಳ ತೆಗೆದ. ಸಾವನ್ನು ನಮ್ಮದಾಗಿಸಿಕೊಂಡು, ಅದಕ್ಕೆ ಸಿದ್ಧರಾಗಿ ಕೂರಬಹುದು ಎಂಬುದೇ ಸುಳ್ಳು ಎಂದ. ಅವನ ಉದಾಹರಣೆ ಚೆನ್ನಾಗಿದೆ. ಗಲ್ಲು ಶಿಕ್ಷೆ ಆದ ಒಬ್ಬ ಕೈದಿ. ನೇಣುಗಂಬದ ಮೇಲೆ ಧೈರ್ಯವಾಗಿ ನಿಲ್ಲಬೇಕು ಎಂದು ದಿನಾ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದಾನೆ. ಅಷ್ಟರಲ್ಲಿ ಊರಿಗೆ ಫ್ಲೂ ಜ್ವರ ಬಂದು, ಗಲ್ಲಿಗೆ ಮೊದಲೇ ಅವನನ್ನು ಹೊತ್ತುಕೊಂಡು ಹೋಗುತ್ತದೆ. ಸಾವು ಬರುವುದು ಹೀಗೆ, ನಾವು ಕಾಯುತ್ತಿದ್ದ ಬಾಗಿಲಿಂದ ಅಲ್ಲ. 2020, 2021 ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಗಾಗಿ ಸಾರ್ತ್ರನ ಪ್ರಕಾರ ಸ್ವಾತಂತ್ರ್ಯ ಇರುವುದು ಬದುಕಿನ ಒಳಗಡೆ ಮಾತ್ರ. ಸಾವು ಹೊರಗಿನ ಗೋಡೆ. ಗೋಡೆ ಇದೆ ಎಂದ ಮಾತ್ರಕ್ಕೆ ಅಂಗಳದಲ್ಲಿ ಓಡಾಡುವ ಸ್ವಾತಂತ್ರ್ಯ ಕಡಿಮೆ ಆಗುವುದಿಲ್ಲ.

ಅವನು ಇನ್ನೂ ಒಂದು ಮಾತು ಹೇಳಿದ. ಅದು ನನಗೆ ಆಮೇಲೆ ತುಂಬಾ ಕಾಡಿತು. ಸತ್ತವರು ಬದುಕಿರುವವರ ಕೈಗೆ ಸಿಗುವ ಬೇಟೆ. ನಾನು ಹೇಗೆ ಬದುಕಿದೆ, ಏನಾಗಿದ್ದೆ ಎಂಬುದನ್ನು ಇನ್ನು ಮುಂದೆ ತೀರ್ಮಾನಿಸುವವರು ಅವರು. ನಾನು ಎದ್ದು ಬಂದು ‘ಹಾಗಲ್ಲ’ ಎನ್ನಲಾರೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸ್ವಾತಂತ್ರ್ಯ ಎಂದ ಕೂಡಲೇ ಹಾಗಾದರೆ ಬೇಕಾದಾಗ ಸಾಯುವ ಸ್ವಾತಂತ್ರ್ಯವೂ ಅದರಲ್ಲಿ ಬಂತಾ ಎಂದು ಕೇಳುವವರಿದ್ದಾರೆ. ಫ್ರಾನ್ಸಿನ ಲೇಖಕ ಕಮೂ 1942ರಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡು, ಬದುಕಿಗೆ ಮೊದಲೇ ಬರೆದಿಟ್ಟ ಅರ್ಥ ಇಲ್ಲ ಎಂದ ಮಾತ್ರಕ್ಕೆ ಅದನ್ನು ಬಿಟ್ಟು ಹೋಗುವುದು ಉತ್ತರವಾಗದು ಎಂದ. ನನ್ನದೂ ಅದೇ ಮಾತು. ಈ ಲೇಖನ ಓದುವಾಗ ಯಾರಿಗಾದರೂ ಸಾಯುವ ಯೋಚನೆ ಕಾಡುತ್ತಿದ್ದರೆ ಅದು ತತ್ವದ ಪ್ರಶ್ನೆ ಅಲ್ಲ, ಸಹಾಯ ಬೇಕಾದ ನೋವು. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ.

ಮೋರ್ಯರ ಗುಡ್ಡದ ಮೇಲೆ

ಹೋದ ಚಳಿಗಾಲದಲ್ಲಿ ಕಾಕಾ ಜೊತೆ ಹಿರೇಬೆಣಕಲ್ಲಿಗೆ ಹೋಗಿದ್ದೆ. ಗಂಗಾವತಿಯಿಂದ ಹತ್ತಿರ. ಊರಿಂದ ಗುಡ್ಡ ಏರಬೇಕು. ಬಂಡೆ, ಮುಳ್ಳು, ಮತ್ತೆ ಬಂಡೆ. ಕಾಕಾ ಮೂರು ಕಡೆ ಕೂತು ಉಸಿರು ತೆಗೆದುಕೊಂಡರು. ಮೇಲೆ ಹೋದರೆ ಸಾಲು ಸಾಲು ಕಲ್ಲಿನ ಮನೆಗಳು. ದೊಡ್ಡ ದೊಡ್ಡ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಕೆಲವಕ್ಕೆ ಎದುರಿನ ಕಲ್ಲಿನಲ್ಲಿ ದುಂಡನೆಯ ಕಂಡಿ. ಅಂಚು ಎಷ್ಟು ನುಣುಪಾಗಿದೆ ಎಂದರೆ ಬೆರಳು ಆಡಿಸುತ್ತಲೇ ಇರಬೇಕು ಅನ್ನಿಸುತ್ತದೆ. ಸುಮಾರು 400 ಇಂಥ ರಚನೆಗಳಿವೆ. ಕ್ರಿ.ಪೂ. 800ರಿಂದ 200ರ ನಡುವಿನವು ಎಂದು ಅಂದಾಜು. ಸತ್ತವರಿಗಾಗಿ ಎಬ್ಬಿಸಿದ ಕಲ್ಲುಗಳು. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದವು.

ಜನ ಇದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ಗಿಡ್ಡ ಆಳುಗಳಾದ ಮೋರ್ಯರು ಇಲ್ಲಿ ಮನೆ ಮಾಡಿಕೊಂಡಿದ್ದರಂತೆ. ಮೇಷ್ಟ್ರಾಗಿದ್ದಾಗ ಕಾಕಾ ಪ್ರತಿ ವರ್ಷ ಹುಡುಗರನ್ನು ಇಲ್ಲಿಗೆ ಕರೆತರುತ್ತಿದ್ದರು. ಒಬ್ಬ ಹುಡುಗ ಕಂಡಿಯಲ್ಲಿ ತಲೆ ತೂರಿಸಿ, “ಸರ್, ಇದರಾಗ ಇದ್ದವರ ಹೆಸರೇನು?” ಎಂದು ಕೇಳಿದ್ದನಂತೆ.

“ಅವತ್ತು ನನ್ನ ಹತ್ರ ಉತ್ತರ ಇರಲಿಲ್ಲ” ಎಂದರು ಕಾಕಾ. “ಈಗೂ ಇಲ್ಲ. ಇಷ್ಟು ದೊಡ್ಡ ಕಲ್ಲು ಎತ್ತಿ ಇಟ್ಟಾರ, ಹೆಸರು ಮಾತ್ರ ಒಂದೂ ಉಳಿದಿಲ್ಲ. ಮೊದಲು ಬ್ಯಾಸರ ಆಗತಿತ್ತು. ಈಗ ಹಗುರ ಆಕ್ಕತಿ. ಹೆಸರು ಉಳಿಸೋ ಕೆಲಸ ನನ್ನ ತಲಿ ಮ್ಯಾಲ ಇಲ್ಲ ಅಂದ್ರ ಅರ್ಧ ಭಾರ ಇಳಿದಂಗ.”

ಮರೆತುಹೋಗುವ ಭಯದ ಗಂಟನ್ನು ಅವರು ಬಿಚ್ಚಿಕೊಂಡದ್ದು ಹೀಗೆ. ಮನೆಗೆ ಬಂದು ಅವರು ಮಾಡಿದ ಕೆಲಸ ಸಣ್ಣದು. ಹನ್ನೆರಡು ವರ್ಷದಿಂದ ತಮ್ಮ ಬಡಾವಣೆಯ ಸಂಘಕ್ಕೆ ಅವರೇ ಕಾರ್ಯದರ್ಶಿ. ನಾನಿಲ್ಲದಿದ್ದರೆ ನಡೆಯುವುದಿಲ್ಲ ಎಂದು ಬೈದುಕೊಳ್ಳುತ್ತಲೇ ಮಾಡುತ್ತಿದ್ದರು. ಅದನ್ನು ಬಿಟ್ಟರು. ಸಂಘ ಈಗಲೂ ನಡೆಯುತ್ತಿದೆ, ಮೊದಲಿಗಿಂತ ಕೆಟ್ಟದಾಗೇನೂ ಅಲ್ಲ. ಸಂಜೆ ಅವರು ಈಗ ಓಣಿಯ ಮೂವರು ಹುಡುಗರಿಗೆ ಪುಕ್ಕಟೆ ಗಣಿತ ಹೇಳುತ್ತಾರೆ.

ಕೊಪ್ಪಳ ಜಿಲ್ಲೆಗೆ ಸಾವಿನ ವಿಷಯದಲ್ಲಿ ಇನ್ನೊಂದು ಹಳೆಯ ನಂಟಿದೆ. ಹಿಂದೆ ಕೊಪಣ ಎಂದು ಹೆಸರಾಗಿದ್ದ ಕೊಪ್ಪಳ ಊರು ಜೈನರ ದೊಡ್ಡ ತೀರ್ಥವಾಗಿತ್ತು. ಸಲ್ಲೇಖನ ವ್ರತ ಹಿಡಿದು, ಅನ್ನ ನೀರು ಬಿಡುತ್ತಾ ಬಂದು ದೇಹ ಬಿಟ್ಟವರ ನೆನಪಿನ ಶಾಸನಗಳು ಇಲ್ಲಿವೆ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಈ ವ್ರತ ಅಪರಾಧ ಎಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಅಲ್ಲಿ ಸಾಯುವವರೇ ತೀರ್ಮಾನ ಮಾಡುತ್ತಾರೆ, ನಿಜ. ಆದರೆ ಅದು ಧರ್ಮದ ಒಳಗಿನ ದಾರಿ. ಗುರುವಿನ ಒಪ್ಪಿಗೆ ಬೇಕು, ಕರ್ಮ ಕಳೆಯಬೇಕು ಎಂಬ ಗುರಿ ಇದೆ. ಕಾಕಾ ಹುಡುಕುತ್ತಿದ್ದದ್ದು ಅದಲ್ಲ. ಬದುಕು ಸಾಕು ಎಂದು ಅವರಿಗೆ ಯಾವತ್ತೂ ಅನ್ನಿಸಿಲ್ಲ.

ಕಾಗದದ ಮೇಲಿನ ಸ್ವಾತಂತ್ರ್ಯ

ಅವರನ್ನು ನಿಜವಾಗಿ ಹೆದರಿಸಿದ್ದು ಬೇರೆ. ನಮ್ಮ ಸಂಬಂಧಿಕರೊಬ್ಬರಿಗೆ ಮೆದುಳಿನಲ್ಲಿ ರಕ್ತಸ್ರಾವ ಆಗಿ ದೊಡ್ಡ ಊರಿನ ಆಸ್ಪತ್ರೆಗೆ ಸೇರಿಸಿದರು. 23 ದಿನ ವೆಂಟಿಲೇಟರ್. ಮೊದಲ ವಾರದಲ್ಲೇ ಡಾಕ್ಟರ್ ಕೈಚೆಲ್ಲಿದ್ದರು. ಆದರೆ ‘ಸಾಕು’ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಮಗ ಹೇಳಿದರೆ ಆಸ್ತಿಗೆ ಕಾದಿದ್ದ ಎನ್ನುತ್ತಾರೆ. ಮಗಳು ಹೇಳಿದರೆ ಕೊಟ್ಟ ಮನೆಯವಳಿಗೇನು ಎನ್ನುತ್ತಾರೆ. ಎರಡು ಎಕರೆ ಗದ್ದೆ ಅಡ ಬಿತ್ತು. ಇಪ್ಪತ್ತನಾಲ್ಕನೇ ದಿನ ಅವರು ಹೋದರು. ಆ ಇಪ್ಪತ್ತಮೂರು ದಿನ ಅವರಿಗೆ ಏನು ಬೇಕಾಗಿತ್ತು ಎಂದು ಯಾರೂ ಕೇಳುವ ಹಾಗಿರಲಿಲ್ಲ.

ಈ ಕಡೆ ಕಾನೂನು ಸ್ವಲ್ಪ ಮುಂದೆ ಬಂದಿದೆ. ನಮ್ಮ ಜನಕ್ಕೆ ಇದು ಗೊತ್ತಿರುವುದು ಕಡಿಮೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತದೆ ಎಂದಿತು. ಜೊತೆಗೆ ‘ಲಿವಿಂಗ್ ವಿಲ್’ ಒಪ್ಪಿಕೊಂಡಿತು. ಆಸ್ತಿಯ ಉಯಿಲು ಸತ್ತ ಮೇಲಿನದು. ಇದು ಸಾಯುವ ಮೊದಲಿನದು. ಮುಂದೆ ಯಾವತ್ತೋ ನಾನು ಗುಣವಾಗದ ಸ್ಥಿತಿಗೆ ಹೋಗಿ, ಬೇಕು ಬೇಡ ಹೇಳುವ ಶಕ್ತಿಯೂ ಇಲ್ಲದೆ ಮಲಗಿದ್ದರೆ, ಯಂತ್ರದ ಮೇಲೆ ಜೀವ ಎಳೆಯಬೇಡಿ ಎಂದು ಈಗಲೇ ಬರೆದಿಡುವುದು.

2018ರಲ್ಲಿ ಹಾಕಿದ ನಿಯಮಗಳು ಎಷ್ಟು ಬಿಗಿ ಇದ್ದವೆಂದರೆ ಮ್ಯಾಜಿಸ್ಟ್ರೇಟರ ಸಹಿಯೂ ಬೇಕಿತ್ತು. 2023ರ ಜನವರಿಯಲ್ಲಿ ಕೋರ್ಟೇ ಅದನ್ನು ಸಡಿಲಿಸಿತು. ಈಗ ಬುದ್ಧಿ ಸ್ವಾಧೀನದಲ್ಲಿರುವ ಯಾವ ವಯಸ್ಕರಾದರೂ ಬರೆಯಬಹುದು. ಇಬ್ಬರು ಸಾಕ್ಷಿ ಬೇಕು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಎದುರು ಸಹಿ ಆಗಬೇಕು. ನನ್ನ ಪರವಾಗಿ ಮಾತಾಡುವವರು ಇವರು ಎಂದು ಹೆಸರು ಬರೆಯಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರೆದು ಹಿಂದಕ್ಕೆ ತೆಗೆದುಕೊಳ್ಳಬಹುದು.

ಕಾಗದ ಇದೆ ಎಂದು ಆಸ್ಪತ್ರೆಯವರು ಥಟ್ಟನೆ ಯಂತ್ರ ತೆಗೆಯುವುದಿಲ್ಲ. ಮೊದಲು ಚಿಕಿತ್ಸೆ ಕೊಡುತ್ತಿರುವ ಡಾಕ್ಟರ್ ಮತ್ತು ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರ ಮಂಡಳಿ ನೋಡಬೇಕು. ಆಮೇಲೆ ಎರಡನೇ ಮಂಡಳಿ. ಎರಡೂ ಆದಷ್ಟು 48 ಗಂಟೆಯೊಳಗೆ ಹೇಳಬೇಕು. ಎರಡೂ ಒಪ್ಪಿದರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಮುಂದುವರಿಯುತ್ತಾರೆ. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು. ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿ ಮಾಡಲು 2025ರ ಜನವರಿ ಕೊನೆಗೆ ಆದೇಶ ಹೊರಡಿಸಿತು. ಇದಕ್ಕಾಗಿ ವರ್ಷಗಟ್ಟಲೆ ಪತ್ರ ಬರೆದು, ಕೋರ್ಟು ಕಚೇರಿ ಅಲೆದವರಲ್ಲಿ ದಾವಣಗೆರೆಯ ನಿವೃತ್ತ ಶಿಕ್ಷಕಿಯೊಬ್ಬರೂ ಇದ್ದಾರೆ.

ಜನ ಗೊಂದಲ ಮಾಡಿಕೊಳ್ಳುವುದು ಒಂದು ಕಡೆ. ಸೂಜಿ ಚುಚ್ಚಿ ಸಾಯಿಸಿ ಎಂದು ಕೇಳುವುದು ಇದಲ್ಲ. ಅದು ಭಾರತದಲ್ಲಿ ಈಗಲೂ ಅಪರಾಧ. ಇಲ್ಲಿ ಮಾಡುವುದು ಉಪಯೋಗವಿಲ್ಲದ ಚಿಕಿತ್ಸೆ ನಿಲ್ಲಿಸುವುದು. ನೋವು ಕಡಿಮೆ ಮಾಡುವ ಆರೈಕೆ ಕೊನೆ ತನಕ ಇದ್ದೇ ಇರುತ್ತದೆ.

ದೇಹ ಯಾರದು?

ಕಾಕಾ ದೇಹದಾನದ ಫಾರ್ಮನ್ನೂ ತಂದಿಟ್ಟುಕೊಂಡಿದ್ದರು. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಅಲ್ಲಿನ ಅಂಗರಚನಾ ವಿಭಾಗಕ್ಕೆ ದೇಹ ಬೇಕಾಗುತ್ತದೆ. ಡಾಕ್ಟರ್ ಆಗುವ ಹುಡುಗರು ಮೊದಲು ಕಲಿಯುವುದು ಅದರ ಮೇಲೆಯೇ. ಸಿಪಿಐ(ಎಂ) ಪಕ್ಷದ ನಾಯಕ ಸೀತಾರಾಮ್ ಯೆಚೂರಿ 2024ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಅವರ ದೇಹವನ್ನು ದೆಹಲಿಯ ಏಮ್ಸ್‌ಗೆ ಕೊಟ್ಟದ್ದು ನೆನಪಿರಬಹುದು. ಕಣ್ಣು ಕೊಡುವುದಾದರೆ ಸಮಯ ಕಡಿಮೆ, ಸತ್ತ ಆರು ಗಂಟೆಯೊಳಗೆ ಆಗಬೇಕು. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆ ಸ್ವಲ್ಪ ಎತ್ತರ ಮಾಡಿ, ಫ್ಯಾನ್ ಆರಿಸಬೇಕು. ಮೇ ತಿಂಗಳ ರಾಯಚೂರಿನಲ್ಲಿ, ಮನೆ ತುಂಬ ಜನ ಇರುವಾಗ, ಫ್ಯಾನ್ ಆರಿಸಿ ಎನ್ನುವವರು ಯಾರು? ಒಬ್ಬರು ಇರಬೇಕು.

ವಿಷಯ ಅಲ್ಲೇ ಇದೆ. ಕಾಕಾನ ಗೆಳೆಯರೊಬ್ಬರು ಹತ್ತು ವರ್ಷದ ಹಿಂದೆಯೇ ದೇಹದಾನಕ್ಕೆ ಬರೆದುಕೊಟ್ಟಿದ್ದರು. ಕಾರ್ಡು ಪರ್ಸಿನಲ್ಲೇ ಇತ್ತು. ಸತ್ತ ದಿನ ಮಕ್ಕಳು, ಬೀಗರು, ಊರ ಹಿರಿಯರು ಕೂಡಿ, “ಜನ ಏನಂದಾರು” ಎಂದು, ಎಲ್ಲ ವಿಧಿ ಮಾಡಿ ಮಣ್ಣು ಮಾಡಿದರು. ಕಾಕಾ ಅಲ್ಲೇ ನಿಂತಿದ್ದರು. ಒಂದು ಮಾತೂ ಆಡಲಾಗಲಿಲ್ಲ. ನಾನು ಮೊದಲು ಹೇಳಿದ ಆ ಮಣ್ಣು, ಆ ಚಹಾ, ಅದೇ ದಿನದ್ದು.

ಸಾರ್ತ್ರ ಹೇಳಿದ ಬೇಟೆ ಇದೇ. ಸತ್ತವರು ಬರೆದಿಟ್ಟರೂ, ಮನೆಯವರು ಬೇಡ ಎಂದರೆ ಕಾಲೇಜಿನವರು ಬಂದು ಜಗಳ ಆಡುವುದಿಲ್ಲ. ಒಬ್ಬರೇ ಕೂತು ಸಹಿ ಮಾಡಿದ ಸ್ವಾತಂತ್ರ್ಯ ಅವರು ಕಣ್ಣು ಮುಚ್ಚುವ ತನಕ. ಅಲ್ಲಿಂದ ಮುಂದೆ ಅದನ್ನು ಹೊತ್ತು ನಡೆಯಲು ಇನ್ನೊಬ್ಬರು ಬೇಕು. ಯುರೋಪಿನ ಈ ತತ್ವಜ್ಞಾನಿಗಳು ಸಾವನ್ನು ಒಂಟಿ ಮನುಷ್ಯನ ವಿಷಯ ಎಂಬಂತೆ ಬರೆದದ್ದು ನನಗೆ ಅಷ್ಟು ಹಿಡಿಸುವುದಿಲ್ಲ. ನಮ್ಮಲ್ಲಿ ನಾಲ್ಕು ಜನ ಹೆಗಲು ಕೊಡದೆ ಯಾರೂ ಹೊಸಿಲು ದಾಟುವುದಿಲ್ಲ.

ಧರ್ಮ ಗೆಲ್ಲುವುದೂ ಇಲ್ಲೇ. ಸಾವಿನ ಮನೆಯಲ್ಲಿ ರಾತ್ರಿಯಿಡೀ ಭಜನೆ ನಡೆಯುತ್ತದೆ. ದಪ್ಪಡಿ, ತಾಳ, ಏಕತಾರಿ. ತತ್ವಪದ ಹಾಡುವವರು ಕರೆಯದೆಯೂ ಬರುತ್ತಾರೆ. ಮೂರು ದಿನ ಒಲೆ ಹೊತ್ತದಿದ್ದರೂ ಓಣಿಯವರು ರೊಟ್ಟಿ ತಂದಿಡುತ್ತಾರೆ. ಅಳುವವರನ್ನು ಒಬ್ಬರೇ ಬಿಡುವುದಿಲ್ಲ. ನಂಬದವರ ಬಳಿ ಇದಕ್ಕೆ ಸಮನಾದದ್ದು ಏನಿದೆ? ಇದನ್ನು ಕಾಕಾಗೆ ಕೇಳಿದೆ.

“ಭಜನಿ ಇರ್ಲಿ ಬಿಡಪಾ” ಎಂದರು. “ಪದ ಚಂದ ಅದಾವು. ನಾ ಸ್ವಾಮಿಗಳು ಬ್ಯಾಡ ಅಂದೆ, ಹಾಡೋರು ಬ್ಯಾಡ ಅಂದಿಲ್ಲ.”

ಉಳಿದದ್ದು ಚಿಗವ್ವ. ಆರು ತಿಂಗಳು ಆ ವಿಷಯ ಎತ್ತಿದರೆ ಎದ್ದು ಹೋಗುತ್ತಿದ್ದರು. ಒಂದಿನ ಜೋಳದ ರೊಟ್ಟಿ ಬಡಿಯುತ್ತಾ, ಕೈ ನಿಲ್ಲಿಸದೆ ಹೇಳಿದರು: “ನಿಮ್ಮ ದೇಹ ನೀವು ಯಾರಿಗರ ಕೊಡ್ರಿ. ಆದ್ರ ದಿನ ನಾ ಮಾಡಾಕೀನ. ಹನ್ನೊಂದು ಮಂದಿಗೆ ಊಟ ಹಾಕಾಕಿನ. ಅದು ನಂದು. ಅದಕ್ಕ ನೀವು ಅಡ್ಡ ಬರಬ್ಯಾಡ್ರಿ.”

ಕಾಕಾ ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ “ನಾ ಹೆಂಗ ಅಡ್ಡ ಬರಲಿ, ನಾ ಇರೂದಿಲ್ಲಲ್ಲ” ಎಂದರು. ಚಿಗವ್ವನಿಗೆ ನಗು ಬಂತು. ರೊಟ್ಟಿ ಹರಿಯಿತು.

ನೋಟರಿ ಹತ್ತಿರ ಹೋದದ್ದು ಒಂದು ಮಂಗಳವಾರ. ಕೋರ್ಟಿನ ಹತ್ತಿರ, ಹೊರಗೆ ಟೈಪಿಂಗ್ ಅಂಗಡಿ, ಒಳಗೆ ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ. ಕಾಕಾ ಕಾಗದವನ್ನು ಮೇಷ್ಟ್ರು ಉತ್ತರಪತ್ರಿಕೆ ನೋಡಿದ ಹಾಗೆ ಓದಿ, ಎರಡು ಕಾಗುಣಿತ ತಪ್ಪು ತಿದ್ದಿಸಿದರು. ಅವರ ಪರವಾಗಿ ಮಾತಾಡುವವರ ಹೆಸರಿನ ಜಾಗ ಖಾಲಿ ಇತ್ತು. ನನ್ನ ಹೆಸರು ಬರೆಸುತ್ತಾರೆ ಎಂದುಕೊಂಡಿದ್ದೆ. ಆಧಾರ್ ಕಾರ್ಡು ತಂದಿದ್ದೆ.

“ನನ್ನ ಹೆಸರು ಬರೀರಿ” ಎಂದರು ಚಿಗವ್ವ.

ಕಾಕಾ ಅವರ ಕಡೆ ನೋಡಿದರು. “ಆಸ್ಪತ್ರ್ಯಾಗ ಮಂದಿ ನಿನ್ನ ಬೈತಾರ ನೋಡು. ಗಂಡನ್ನ ಸಾಯಾಕ ಬಿಟ್ಟಳು ಅಂತಾರ.”

“ಅನ್ಲಿ. ನಿಮ್ಮ ಮಾತು ನನಗ ಗೊತ್ತೈತಿ, ಅವರಿಗೇನ್ ಗೊತ್ತು.”

ಪೆನ್ನು ತೆಗೆದುಕೊಂಡು, ಒಂದೊಂದೇ ಅಕ್ಷರ ಬಿಡಿಸಿ ಸಹಿ ಮಾಡಿದರು. ಆಮೇಲೆ ಚೀಲದಲ್ಲಿ ತೆಂಗಿನಕಾಯಿ ಇದೆಯಾ ಎಂದು ಮುಟ್ಟಿ ನೋಡಿಕೊಂಡರು. ಹುಲಿಗಿಯ ಬಸ್ಸಿಗೆ ಇನ್ನೂ ಕಾಲು ಗಂಟೆ ಇತ್ತು. ಕಾಕಾ ಚೀಲ ಇಸಕೊಂಡು ಮುಂದೆ ನಡೆದರು.